ಮಳೆಗಾಲದಲ್ಲಿ ಸೀಕು

ವಿಲಾಪಾಂಪ
ಫೆಬ್ರವರಿ ೧, ಶುಕ್ರವಾರ. ನಾಳೆ ಕಾಂದೆಲಾರಿಯಾ ಮಾತೆಯ ಹಬ್ಬ.

ಪ್ರೀತಿಯ ಸೆವೆರೊ,

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತರೆ ಬೆನ್ನು ಬಿಲ್ಲಾಗದೆ ಇನ್ನೇನಾಗುತ್ತದೆ ಎಂದು ನಿಮ್ಮಪ್ಪ ಬೈಯುತ್ತಾರೆ. ಬೈದು ಮುಗಿಸಿ, ಮೂಲೆಗೆ ಹೋಗಿ, ನಿನ್ನ ಹೆಸರಿನಲ್ಲಿ ಭೂತಾಯಿಗೆ ಮೂರು ಒಳ್ಳೆಯ ಕೋಕಾ ಎಲೆ ಆರಿಸಿಡುತ್ತಾರೆ. ಬ್ಯೂನಸ್ ಐರಿಸ್‌ನಲ್ಲಿ ಈಗ ವಿಪರೀತ ಸೆಕೆಯಂತೆ, ನೀರು ಕುಡಿಯುವುದನ್ನು ಮರೆಯಬೇಡ. ಈ ಪತ್ರ ನಿನ್ನ ತಂಗಿ ಲುಸಿಲಾಳ ಕೈಯಲ್ಲಿ ಬರುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಬಂಡೆಯ ಮೇಲೆ ಮಾತ್ರ, ಅಲ್ಲಿ ನಿಂತು ಪಿಸುಗುಟ್ಟಿದರೂ ಊರಿಗೆಲ್ಲ ಡಂಗುರ. ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಯಾರ ಮೈಗೂ ಏನೂ ಆಗಿಲ್ಲ, ಅಷ್ಟು ಮಾತ್ರ ನಿಜ.

ನೀನು ಕಳಿಸಿದ ಎರಡು ಹಾಡಿನ ಪೆಟ್ಟಿಗೆಗಳು ಡಿಸೆಂಬರ್ ಕೊನೆಗೆ ಬಂದು ಮುಟ್ಟಿದವು, ಒಂದು ಮಾವನಿಗೆ, ಒಂದು ನಿನ್ನ ಸೋದರತ್ತೆ ತೊರಿಬಿಯಾಗೆ. ಕಳಿಸುವವನು ಕಳಿಸಿ ಕೈತೊಳೆದುಕೊಂಡೆ. ಹಾಡು ತುಂಬುವವಳೂ ನಾನೇ, ಗುಂಡಿ ಒತ್ತಲು ಕಲಿಸುವವಳೂ ನಾನೇ! ಶಾಲೆಗೆ ರಜೆ, ಅಲ್ಲಿ ಅಡಿಗೆ ಮಾಡುವವಳೆಂದು ಅಡಿಗೆಮನೆಯ ಬೀಗದ ಕೈ ಜೊತೆ ಕಂಪ್ಯೂಟರ್ ಕೋಣೆಯದೂ ನನ್ನ ಹತ್ತಿರವೇ ಇರುತ್ತದಲ್ಲ, ಮೇಷ್ಟ್ರ ಒಪ್ಪಿಗೆ ಪಡೆದು ಎರಡು ಮಧ್ಯಾಹ್ನ ಕೂತು ಮೆಮೊರಿ ಕಾರ್ಡುಗಳಿಗೆ ಹಾಡು ಹಾಕಿದೆ. ತೊರಿಬಿಯಾ ಅತ್ತೆ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು, “ಏನೇ ಬಾಸಿಲಿಯಾ, ಇಷ್ಟು ಮಂದಿ ಊದೋರು ಈ ಉಗುರಿನಷ್ಟಗಲದಾಗೆ ಹೆಂಗೇ ಕೂತವ್ರೆ? ಇವ್ರಿಗೆ ಉಣ್ಣಕ್ಕೆ ಇಕ್ಕೋರು ಯಾರೇ?” ಎಂದರು. ಚಾರ್ಜರ್ ಇಕ್ಕುತ್ತೆ ಅತ್ತೆ ಎಂದೆ. ಅವತ್ತಿನಿಂದ ಅವರು ಚಾರ್ಜರನ್ನು ಅಡಿಗೆಯವಳು ಎಂದೇ ಕರೆಯುತ್ತಾರೆ, ಪೆಟ್ಟಿಗೆಗೆ ಶೀತವಾದೀತೆಂದು ಶಾಲು ಬೇರೆ ಹೊದಿಸುತ್ತಾರೆ.

ಮಾವನಿಗೆ ಕಲಿಸುವುದು ಅಷ್ಟು ಸುಲಭವಾಗಲಿಲ್ಲ. ಕಣ್ಣು ಮಂದ, ಕಿವಿಯೂ ಮಂದ. ಶುರುಮಾಡುವ ಗುಂಡಿಯ ಮೇಲೆ ಮೇಣದ ಒಂದು ಹನಿ ಬಿಟ್ಟುಕೊಟ್ಟೆ, ತಡವಿದರೆ ಗೊತ್ತಾಗಲಿ ಎಂದು. ಅದರ ಕೆಳಗೆ ಅಡ್ಡಬಾಣದ ಗುರುತಿನ ಗುಂಡಿಯಿದೆ, ಅದನ್ನು ಒತ್ತಿದರೆ ಹಾಡುಗಳು ಸಾಲು ಬಿಟ್ಟು ಕಲಸಿಕೊಳ್ಳುತ್ತವೆ, ಮುಟ್ಟಲೇಬೇಡಿ ಎಂದೆ. “ನಂದು ಹೆಬ್ಬೆರಳಲ್ಲ ತಾಯಿ, ಎತ್ತಿನ ಗೊರಸು” ಎಂದು ನಗುತ್ತಲೇ ಹತ್ತು ಸಲ ಒತ್ತಿ ಕಲಿತರು. ಈ ವರ್ಷ ಹೊಲ ಕಾಯುವ ಸರದಿ ನಮ್ಮ ಮನೆಯದು. ಮಳೆಗಾಲ ಮುಗಿಯುವವರೆಗೆ ಊರಿನ ಅಷ್ಟೂ ಆಲೂಗಡ್ಡೆಗೆ ಆಲಿಕಲ್ಲು ಬೀಳದಂತೆ ನೋಡಿಕೊಳ್ಳುವ ಹೊಣೆ ಅವರದು. ಗುಡ್ಡದ ಮೇಲಿನ ಗುಡಿಸಲಿನಲ್ಲಿ ಒಬ್ಬರೇ ಕೂತು, ಮೋಡ ಕಪ್ಪಾದರೆ ಹೊಗೆ ಹಾಕಿ ಕವಣೆ ಬೀಸಿ ಅಟ್ಟಬೇಕು. ಆ ಒಂಟಿತನಕ್ಕೆ ಒಂದಿಷ್ಟು ಪಿಂಕಿಲ್ಲು ಕೊಳಲು ಜೊತೆಗಿರಲಿ ಎಂದು ತಾನೇ ನೀನೂ ಪೆಟ್ಟಿಗೆ ಕಳಿಸಿದ್ದು.

ತಪ್ಪು ಆದದ್ದು ನನ್ನ ಸೋಮಾರಿತನದಿಂದ. ಮಳೆಗೆ ಪಿಂಕಿಲ್ಲು, ಚಳಿಗೆ ಸಾಲುಕೊಳವೆಯ ಸೀಕು ಎಂಬುದನ್ನು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಗಿಡ ಹೂಬಿಟ್ಟಾಗ ಸೀಕು ಊದಿದರೆ ಮಳೆ ಮುನಿದು ಕಲ್ಲಾಗುತ್ತದೆ. ಆದರೂ ಕಾರ್ನಿವಲ್ ಕಳೆದು ಚಳಿ ಬಂದ ಮೇಲೆ ಮತ್ತೆ ಕಂಪ್ಯೂಟರ್ ಮುಂದೆ ಯಾರು ಕೂರುತ್ತಾರೆ ಎಂದು, ನಲವತ್ತು ಪಿಂಕಿಲ್ಲು ಹಾಡುಗಳ ಹಿಂದೆ ಹದಿನೈದು ಸೀಕು ಹಾಡುಗಳನ್ನೂ ಅದೇ ಕಾರ್ಡಿಗೆ ತುಂಬಿಬಿಟ್ಟೆ. ಕೊಳಲುಗಳನ್ನಾದರೆ ಕಾಲ ಮುಗಿದ ಕೂಡಲೇ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ. ಕಾರ್ಡಿನೊಳಗೂ ಒಂದು ಅಟ್ಟ ಬೇಕು ಎಂದು ನನಗೆ ಹೊಳೆಯಲಿಲ್ಲ.

ಕಳೆದ ವಾರ ಸೋಮವಾರ ಮಾವನಿಗೆ ಬುತ್ತಿ ಒಯ್ದಿದ್ದೆ. ಕೆಳಗೆ ಎಲ್ಲರೂ ಕಳೆ ಕೀಳುತ್ತಿದ್ದರು, ಹೊಲ ತುಂಬ ನೇರಳೆ ಹೂವು. ಪೆಟ್ಟಿಗೆಯಿಂದ ಇದ್ದಕ್ಕಿದ್ದಂತೆ ಸೀಕು ಹೊರಟಿತು. ಮಾವನ ಹೆಬ್ಬೆರಳು ಅಡ್ಡಬಾಣದ ಗುಂಡಿಗೆ ತಗುಲಿತಂತೆ. ಗಾಳಿ ಬೇರೆ ಕೆಳಮುಖವಾಗಿತ್ತು. ಒಬ್ಬೊಬ್ಬರೇ ಗುದ್ದಲಿ ನಿಲ್ಲಿಸಿ ಮೇಲೆ ನೋಡಿದರು. ತೊರಿಬಿಯಾ ಅತ್ತೆ, “ಅಣ್ಣಾ, ನಿಲ್ಸೋ ಅದನ್ನ! ಹೊಟ್ಟೆಗೆ ಕಲ್ಲು ಹಾಕ್ತೀಯೇನೋ!” ಎಂದು ಕೂಗಿದ್ದು ಗುಡ್ಡದವರೆಗೂ ಕೇಳಿಸಿತು. ಅದೇ ಗುರುವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಮಾವ ಹೊಗೆ ಹಾಕಿದರು, ಕವಣೆ ಬೀಸಿದರು, ಟೋಪಿ ಕಿತ್ತೆಸೆದು ಬರಿದಲೆಯಲ್ಲಿ ನಿಂತು ಮೋಡವನ್ನು ಬೈದರು. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಕೆಳಗಿನ ಒಂಬತ್ತು ಹೊಲಗಳಲ್ಲಿ ಗಿಡ ನೆಲಕಚ್ಚಿದೆ. ಅದರಲ್ಲಿ ಅತ್ತೆಯದೂ ಒಂದು, ವಿಧವೆಯ ಒಂದೇ ಹೊಲ. ಅವರು ನನ್ನನ್ನು ಬೈಯಲಿಲ್ಲ, ಪೆಟ್ಟಿಗೆಯನ್ನು ಶಾಲಿನ ಸಮೇತ ತಂದು ನಮ್ಮ ಹೊಸ್ತಿಲಲ್ಲಿ ಇಟ್ಟು ಹೋದರು.

ಮೋಡಕ್ಕೆ ಕಿವಿ ಇದೆಯೋ ಇಲ್ಲವೋ ನಾನರಿಯೆ, ಊರಿಗಂತೂ ಇದೆ. ನಾಳೆ ಹಬ್ಬದ ಪೂಜೆ ಮುಗಿದ ಮೇಲೆ ಸಭೆ. ತಪ್ಪು ಮಾವನದೆಂದು ತೀರ್ಮಾನವಾದರೆ ಕಾವಲಿನ ಕೋಲನ್ನು ಎಲ್ಲರೆದುರು ಅವರ ಕೈಯಿಂದ ಕಿತ್ತುಕೊಳ್ಳುತ್ತಾರೆ. ಈ ಹಿಂದೆ ಎರಡು ಸಲ ಕಾವಲಿದ್ದಾಗ ಒಂದು ಕಲ್ಲೂ ಬೀಳಗೊಡದ ಮನುಷ್ಯ, ಎಪ್ಪತ್ತೊಂದನೆಯ ವಯಸ್ಸಿಗೆ ಆ ಅವಮಾನ ತಡೆಯಲಾರರು. ನನಗೆ ಅದರದೇ ಭಯ. ವಾರದಿಂದ ಅವರು ಸರಿಯಾಗಿ ಉಣ್ಣುತ್ತಿಲ್ಲ, ಸೂಪು ಮುಂದಿಟ್ಟರೆ ಚಮಚ ಆಡಿಸುತ್ತಾ ಕೂರುತ್ತಾರೆ. ಊರ ಹಿರಿಯ ಪೊರ್ಫಿರಿಯೊ ನಿನ್ನೆ ಬಂದು, “ತುಂಬಿದೋಳು ನೀನೇ ತಾನೇ? ಅದರಾಗಿರೋ ಸೀಕೆಲ್ಲ ಅಳಿಸಿ ನಾಳಿದ್ದು ಸಭೆಗೆ ತಗಂಬಾ. ಅಷ್ಟಾದರೂ ಮಾಡು” ಎಂದು ಹೇಳಿ, ಕೊಟ್ಟ ಕೋಕಾ ಎಲೆ ಮುಟ್ಟದೆ ಹೋದರು. ನಮ್ಮ ಮನೆಯಲ್ಲಿ ಎಲೆ ಮುಟ್ಟದೆ ಎದ್ದುಹೋದವರನ್ನು ನಾನು ಕಂಡಿರಲಿಲ್ಲ.

ನೀನು ಕೆಲಸ ಬಿಟ್ಟು ಓಡಿಬರಬೇಡ, ಬಂದರೂ ಮೂರು ದಿನ ತಡವಾಗಿರುತ್ತದೆ. ಲುಸಿಲಾಳ ಕೈಯಲ್ಲಿ ಒಣಗಿಸಿದ ಆಲೂಗಡ್ಡೆಯ ಚೂನ್ಯೊ ಮತ್ತು ಒಂದು ಗಿಣ್ಣು ಕಳಿಸಿದ್ದೇನೆ, ಗಿಣ್ಣನ್ನು ಮೊದಲು ತಿನ್ನು, ಕೋಣೆಯ ಗೆಳೆಯರಿಗೂ ಕೊಡು. ಮಾವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾರೆ ಎಂದು ತಿಳಿ. ಭೂತಾಯಿ ನಿನ್ನನ್ನು ಪರದೇಶದಲ್ಲೂ ಕಾಯಲಿ.

ನಿನ್ನ
ಬಾಸಿಲಿಯಾ

ಮರೆತ ಮಾತು: ಬಸ್ಸು ಬಂತೆಂದು ಲುಸಿಲಾ ಅಂಗಳದಲ್ಲಿ ಕೂಗುತ್ತಿದ್ದಾಳೆ. ಸೆವೆರೊ, ಮೇಲೆ ಹೆಬ್ಬೆರಳು ತಗುಲಿತಂತೆ ಎಂದು ಬರೆದೆನಲ್ಲ, ಅದು ಸುಳ್ಳು. ಮಾವ ಆಗ ಆಚೆ ತುದಿಯಲ್ಲಿ ಲಾಮಾಗಳನ್ನು ಅಟ್ಟುತ್ತಿದ್ದರು. ಪೆಟ್ಟಿಗೆ ನನ್ನ ಮಡಿಲಲ್ಲಿತ್ತು. ಒತ್ತಿದವಳು ನಾನು, ಕೈತಪ್ಪಿ ಅಲ್ಲ, ಒಂದು ಸೀಕು ಹಾಡನ್ನು ಹುಡುಕಿ ಒತ್ತಿದೆ. ಮೂರು ವರ್ಷದ ಹಿಂದೆ ಸಾನ್ ಹುವಾನ್ ಹಬ್ಬದಲ್ಲಿ ನಿಮ್ಮ ಮೇಳ ಊದಿದ್ದು ಅದು. ಸೀಕಿನಲ್ಲಿ ಒಬ್ಬನ ಹತ್ತಿರ ಅರ್ಧ ಸ್ವರಗಳು, ಜೊತೆಗಾರನ ಹತ್ತಿರ ಇನ್ನರ್ಧ. ಇಪ್ಪತ್ತು ಜನರ ನಡುವೆಯೂ ನಿನ್ನ ಅರ್ಧ ನನಗೆ ಗೊತ್ತಾಗುತ್ತದೆ. ಎರಡು ವರ್ಷದಿಂದ ನಿನ್ನ ಉಸಿರಿನ ಸದ್ದು ಕೇಳಿರಲಿಲ್ಲ. ಮೊದಲು ಸಣ್ಣಗೆ ಇಟ್ಟೆ, ಆಮೇಲೆ ತಡೆಯಲಾಗದೆ ದೊಡ್ಡದು ಮಾಡಿದೆ. ಮಾವನಿಗೆ ಎಲ್ಲ ಗೊತ್ತು. “ಸುಮ್ನಿರು ತಾಯಿ. ಮುದುಕನ ಹೆಬ್ಬೆರಳನ್ನ ಊರು ಇವತ್ತಲ್ಲ ನಾಳೆ ಮರೀತದೆ, ಹೆಂಗಸಿನ ಆಸೆನ ಮರೆಯಾಕಿಲ್ಲ” ಎನ್ನುತ್ತಾರೆ. ನಾಳೆ ಅವರು ಬಾಯಿ ತೆರೆಯುವ ಮುಂಚೆಯೇ ನಾನು ಎದ್ದು ನಿಂತು ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಿನಗೆ ನನ್ನಿಂದಲೇ ತಿಳಿಯಲಿ. ಪೊರ್ಫಿರಿಯೊ ಹೇಳಿದಂತೆ ಬೆಳಿಗ್ಗೆ ಕೂತು ಹದಿನಾಲ್ಕನ್ನು ಅಳಿಸಿದೆ. ನಿಮ್ಮ ಮೇಳದ್ದನ್ನು ಅಳಿಸಲು ಕೈ ಬರಲಿಲ್ಲ.