ಬೀಜ ಒಡೆದ ಎತ್ತು ಮಂಚ ಹಿಡಿಯುವುದಿಲ್ಲ

ಸಾಲಹಳ್ಳಿ, ತಾ. ರಾಮದುರ್ಗ
೧೬ ಜುಲೈ ೨೦೨೪

ಪ್ರೀತಿಯ ಸುಭಾಸಾ,

ಕೊಲ್ಹಾಪುರದಲ್ಲಿ ಮಳೆ ಜೋರಂತೆ. ನಿನ್ನ ಕೆಮ್ಮು ಹೇಗಿದೆ? ಸೊಸೆ, ಮೊಮ್ಮಗಳು ಭಾಗ್ಯಾ ಆರಾಮವೇ? ನಿನ್ನ ಅವ್ವ ಗಟ್ಟಿಯಾಗಿದ್ದಾಳೆ. ನನ್ನ ಸುದ್ದಿ ಫೋನಿನಲ್ಲಿ ಹೇಳೋಣವೆಂದರೆ ನೀನು ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ.

ಪ್ರೊಸ್ಟೇಟ್ ಕ್ಯಾನ್ಸರಿಗೆ ಇಂಜೆಕ್ಷನ್ ಶುರುವಾದಾಗಿನಿಂದ ನನ್ನ ಎಲುಬುಗಳು ಸವೆದಿವೆ ಎಂದು ಸ್ಕ್ಯಾನಿನಲ್ಲಿ ಬಂತು, ನಿಜ. ಅದನ್ನು ಕೇಳಿದ್ದೇ ತಡ, ನೀನು ಅವ್ವನಿಗೆ ಅಪ್ಪಣೆ ಕೊಟ್ಟೆ: ಅಪ್ಪ ಮಂಚ ಬಿಟ್ಟು ಇಳಿಯಕೂಡದು, ಎತ್ತುಗಳನ್ನು ಮಾರಿಬಿಡಿ. ಈಗ ನಾನು ಚಪ್ಪಲಿ ಹುಡುಕಿದರೆ ಸಾಕು, "ಸುಮ್ನ ಕುಂಡ್ರರಿ! ಎಲಬು ಮುರಕೊಂಡ್ರ ಯಾರು ನೋಡೋರು?" ಎಂದು ಒಳಗಿನಿಂದ ಕೂಗುತ್ತಾಳೆ. ಚಪ್ಪಲಿ ಅಡಗಿಸಿಟ್ಟವಳೂ ಅವಳೇ! ಬರುವ ರವಿವಾರ ಮುನವಳ್ಳಿಯಿಂದ ಎತ್ತು ನೋಡಲು ಗಿರಾಕಿ ಬರುತ್ತಾನಂತೆ. ನನ್ನನ್ನು ಒಂದು ಮಾತು ಕೇಳಿದಿರಾ?

ಪಕ್ಕದ ಮನೆಯ ಯಮನಪ್ಪ ಬೇರೆ ಬಂದು ಕುಳಿತು, "ಗಂಡಸ್ತನಾನ ಇಳಸೋ ಇಂಜೆಕ್ಷನ್ ಅಂತಲ್ಲೋ ದುಂಡಪ್ಪಾ, ಇನ್ನೇನ ಹೊಲಾ, ಇನ್ನೇನ ದುಡಿಮಿ" ಎಂದು ಲೊಚಗುಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಅವನನ್ನು ಗೋದಲಿಯ ಮುಂದೆ ಎಳೆದೊಯ್ದು ಕೆಂದೆತ್ತು ತೋರಿಸಿದೆ. "ಇದರ ಬೀಜಾ ಒಡಿಸುಮುಂದ ಕಾಲ ಹಿಡಿದಾಂವ ನೀನ ಅಲ್ಲೇನೋ? ಆಮ್ಯಾಲ ಮಂಚಾ ಹಾಕಿ ಮಲಗಿಸಿದ್ವೇನು? ನೊಗಕ್ಕ ಹೂಡಿದ್ವಿ! ನೋಡು ಅದರ ಕಾಲು, ಕಂಬ ಆಗ್ಯಾವ" ಎಂದೆ. ಯಮನಪ್ಪ ಚಹಾ ಕುಡಿಯದೇ ಹೋದ.

ಇದು ನನ್ನ ಹಟವಷ್ಟೇ ಅಲ್ಲ. ಬೆಳಗಾವಿಯ ಡಾಕ್ಟರಮ್ಮ ನಿನ್ನ ಅವ್ವನ ಎದುರಿಗೇ ಹೇಳಿದ್ದಾರೆ: "ಯಜಮಾನ್ರ, ಈ ಇಂಜೆಕ್ಷನ್ನಿಂದ ಗಂಡಸರ ಹಾರ್ಮೋನ್ ಇಳಿದ್ರ ಎಲಬು ಸೊರಗತಾವ, ಕುಂತ್ರ ಇನ್ನೂ ಸೊರಗತಾವ. ದಿನಾ ನಡೀರಿ, ಹಗೂರ ಭಾರಾ ಎತ್ತರಿ. ಚೀಲಾ ಹೊರಬ್ಯಾಡ್ರಿ, ಬೀಳಬ್ಯಾಡ್ರಿ." ಅವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತು ಒಂದೇ. ಎಲುಬಿಗೆಂದು ಅವರು ಕೊಟ್ಟ ಗುಳಿಗೆ ನಾನು ತಪ್ಪಿಸಿಲ್ಲ, ಚೀಲ ಮುಟ್ಟಿಲ್ಲ. ಆದರೆ ಇವತ್ತು ಬರಿಗಾಲಲ್ಲೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿ ಬಂದೆ, ನಾಳೆಯೂ ಹೋಗುತ್ತೇನೆ. ಎತ್ತು ಮಾರುವುದಿಲ್ಲ. ಗಿರಾಕಿ ಬಂದರೆ ರೊಟ್ಟಿ ಉಣ್ಣಿಸಿ ಕಳಿಸುತ್ತೇನೆ, ಅಷ್ಟೇ.

ಸೊಸೆಗೂ ಭಾಗ್ಯಾಳಿಗೂ ನನ್ನ ಆಶೀರ್ವಾದ. ನಿನಗೂ ಇದೆ, ಸಿಟ್ಟು ಇಳಿದ ಮೇಲೆ ತೆಗೆದುಕೋ.

ನಿನ್ನ ಅಪ್ಪ,
ದುಂಡಪ್ಪ

ತಾ.ಕ.: ಮುಖ್ಯ ಮಾತೇ ಉಳಿಯಿತು. ಈ ರೋಗ ಅಪ್ಪನಿಗೆ ಇದ್ದರೆ ಮಗನಿಗೂ ಬರುವ ಸಂಭವ ಹೆಚ್ಚು ಎಂದು ಡಾಕ್ಟರಮ್ಮ ಹೇಳಿದರು. ನಿನಗೂ ಐವತ್ತು ತುಂಬಿತು. ನಾಚಿಕೆ ಬಿಟ್ಟು ರಕ್ತ ಪರೀಕ್ಷೆ ಮಾಡಿಸು. ನನಗೆ ಹೆದರಿಕೆಯಾಗಿದೆ, ಸುಭಾಸಾ. ರಿಪೋರ್ಟ್ ಬರುವ ದಿನ ನೀನು ಹೇಳಿದಂತೆ ಮಂಚದ ಮೇಲೆ ಕೂತು ನಿನ್ನ ಫೋನಿಗೆ ಕಾಯುತ್ತೇನೆ. ಆ ಒಂದು ದಿನ ಮಾತ್ರ.