ಮೂಲೆಯ ತಪ್ಪೆಳೆ

ಮಗ್ಗದ ಬೀದಿ
ಬುಧವಾರ, ಬೆಳಗಿನ ಹೊತ್ತು

ಪ್ರೀತಿಯ ತಮ್ಮ ಗುಮ್ಮನಿಗೆ ಅಕ್ಕನ ಆಶೀರ್ವಾದಗಳು.

ಹದಿನಾಲ್ಕು ವರ್ಷಕ್ಕೆ ಈಗ ನೆನಪಾಯಿತೇ ಎಂದು ಮೊದಲು ಬೈದುಬಿಡು. ಬೈದಾಯಿತೇ? ಇನ್ನು ಓದು. ಅಕ್ಷರದ ಮೇಲೆ ಅಲ್ಲಲ್ಲಿ ಮಸಿ ಮೆತ್ತಿಕೊಂಡಿದ್ದರೆ ಅತ್ತಿದ್ದಾಳೆ ಎಂದುಕೊಳ್ಳಬೇಡ. ನಾನು ಬರೆಯುತ್ತ ಹೋದ ಹಾಗೆ ಎಡಗೈ ಹಿಂದಿನಿಂದ ಒರೆಸಿಕೊಂಡು ಬರುತ್ತದೆ, ನಿನಗೆ ಗೊತ್ತಲ್ಲ. ಎಡಚಿ, ಎಡಚಿ ಎಂದು ಬೀದಿಗೆಲ್ಲ ಕೇಳುವ ಹಾಗೆ ರೇಗಿಸುತ್ತಿದ್ದವನು ನೀನೇ. ನೀನು ಬಂದರಿನ ಹಮಾಲರ ಸಾಲುಮನೆಯಲ್ಲಿದ್ದೀಯೆಂದು ಗಾಡಿಯವನು ಹೇಳಿದ. ಬೆನ್ನು ಸ್ವಲ್ಪ ಬಾಗಿದೆಯಂತೆ, ಮಾತು ಈಗಲೂ ಅಷ್ಟಕ್ಕಷ್ಟೇ ಅಂತೆ. ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ.

ಅಪ್ಪ ಹೋದ. ಇಂದಿಗೆ ಒಂಬತ್ತು ದಿನ. ನರಳಲಿಲ್ಲ, ಯಾರನ್ನೂ ಕಾಯಿಸಲಿಲ್ಲ. ಕಣ್ಣು ಮಾತ್ರ ಮೂರು ವರ್ಷದ ಹಿಂದೆಯೇ ಹೋಗಿತ್ತು. ನಿನಗೆ ಮೊದಲೇ ತಿಳಿಸಬೇಕಿತ್ತು. ತಿಳಿಸಿದ್ದರೆ ನೀನು ಬಂದುಬಿಡುತ್ತೀಯೆಂಬ ಭಯವೇ ನನ್ನ ಕೈ ತಡೆಯಿತು. ಯಾಕೆಂದು ಮುಂದೆ ಬರೆಯುತ್ತೇನೆ.

ನೀನು ಹೋಗುವಾಗ ನಲವತ್ತು ಮಗ್ಗ ಬಡಿಯುತ್ತಿದ್ದ ಬೀದಿಯಿದು. ಈಗ ಇಲ್ಲಿ ಕಾಗೆ ಕೂಗಿದರೂ ಬೆಚ್ಚಿಬೀಳುವ ಹಾಗಿದೆ. ಮಗ್ಗದ ಗುಂಡಿಗಳಿಗೆ ಮಣ್ಣು ತುಂಬಿ ಮೇಲೆ ಚಾಪೆ ಹಾಸಿಕೊಂಡಿದ್ದಾರೆ. ಕೆಲವರು ರೈಲಿನ ದಾರಿ ಅಗೆಯಲು ಹೋದರು, ಕೆಲವರನ್ನು ಕಡಲಾಚೆಯ ತೋಟಗಳಿಗೆ ಹಡಗಿನಲ್ಲಿ ತುಂಬಿಸಿಕೊಂಡು ಹೋದರು. ಹಾಗೆ ಹೋದವರ ಸುದ್ದಿ ಬಂದದ್ದಿಲ್ಲ. ಆ ಹಡಗಿನವರು ಅಜ್ಜನ ಕಾಲದಲ್ಲಿ ನಮ್ಮ ಬಟ್ಟೆ ಕೊಳ್ಳಲೆಂದೇ ಬಂದವರು, ಜಗಲಿಯ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಉಗ್ರಾಣ ಕಟ್ಟಿದರು. ಆಮೇಲೆ ಉಗ್ರಾಣಕ್ಕೊಂದು ಗೋಡೆ, ಗೋಡೆಗೆ ಕಾವಲು, ಕಾವಲಿಗೆ ಬಂದೂಕು. ನಮ್ಮ ಕಾಲಕ್ಕೆ ಮಗ್ಗಕ್ಕೆ ತೆರಿಗೆ ಬಂತು, ಅವರು ಹಡಗಿನಲ್ಲಿ ತಂದ ಬಟ್ಟೆಗೆ ತೆರಿಗೆಯಿಲ್ಲ. ಈಗ ಅವರ ಜಗಲಿಯ ಕೆಳಗೆ ಕಾಯುವವರು ನಾವು.

ಹೊಟ್ಟೆಪಾಡಿಗೆ ಏನು ಮಾಡುತ್ತೀ ಎಂದು ಕೇಳುತ್ತೀಯ. ಹೊಲಿಗೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಅದೇ ಉಗ್ರಾಣದಲ್ಲಿ ಅವರ ಬಟ್ಟೆಯ ಥಾನು ಬಿಡಿಸಿ, ನೋಡಿ, ಮಡಿಸಿ, ಮುದ್ರೆ ಒತ್ತುವ ಕೆಲಸ ನನ್ನದು. ನಿನ್ನನ್ನು ಯಾವ ಬಾಗಿಲಲ್ಲಿ ಕೆಲಸಕ್ಕಿದ್ದದ್ದಕ್ಕೆ ಕಳ್ಳನೆಂದರೋ ಅದೇ ಬಾಗಿಲಲ್ಲಿ ದಿನಾ ಒಳಗೆ ಹೋಗುತ್ತೇನೆ.

ಇನ್ನು ಹೇಳಲೇಬೇಕಾದದ್ದು. ನಿನಗೇ ನೇಯ್ಗೆ ಕಲಿಸುವಷ್ಟು ದೊಡ್ಡವಳಲ್ಲ ನಾನು. ಆದರೆ ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಪ್ರತಿ ಮನೆಯವರೂ ಬಟ್ಟೆಯ ಮೂಲೆಯಲ್ಲಿ ಬೇಕೆಂದೇ ಒಂದು ಎಳೆ ತಪ್ಪಿಸಿ ಇಡುತ್ತಿದ್ದರು. ನಮ್ಮದು ಅಂಚಿನಿಂದ ಏಳನೆಯದು, ಮೂರು ಎಳೆ ಹಾರಿಸಿ, ಬೆರಳಿನಿಂದ ಓರೆಯಾಗಿ ಒತ್ತಿದ್ದು. ನೋಡುವವರಿಗೆ ನೇಯ್ಗೆಯ ತಪ್ಪು, ಬಲ್ಲವರಿಗೆ ನಮ್ಮ ಮನೆಯ ಹೆಸರು. ಹೊರಗಿನವರು ಮಾದರಿ ಕೇಳಿದರೆ ನಡುವಿನ ತುಂಡು ಕೊಡಬೇಕು, ಮೂಲೆಯದನ್ನು ಕೊಡಕೂಡದು. ಹೆಂಗಸರು ನೂಲು ಸುತ್ತಬೇಕು, ಲಾಳಿ ಮುಟ್ಟಕೂಡದು. ಎರಡನ್ನೂ ಮುರಿದವಳು ನಾನು.

ಅಪ್ಪ ಜ್ವರದಲ್ಲಿ ಮಲಗಿದ ವರ್ಷ ನೆನಪಿದೆಯಲ್ಲ? ಅರ್ಧಕ್ಕೆ ನಿಂತ ಬಟ್ಟೆಯನ್ನು, ನೋಡಿ ನೋಡಿ ಕಲಿತದ್ದರಲ್ಲೇ, ಬಾಗಿಲು ಹಾಕಿಕೊಂಡು ನಾನು ಮುಗಿಸಿದೆ, ನೀನು ಹೊರಗೆ ಕೂತು ಬಂದವರನ್ನು ಸಾಗಹಾಕಿದೆ. ಬೀದಿಯ ಯಜಮಾನ ಆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಇಂಥ ಕೈ ಈ ಬೀದಿಯಲ್ಲಿ ಮತ್ತೊಂದಿಲ್ಲ ಎಂದು ಅಪ್ಪನ ಬೆನ್ನು ತಟ್ಟಿದ. ನಾನು ಕಂಬದ ಮರೆಯಲ್ಲಿ ನೂಲು ಸುತ್ತುತ್ತಿದ್ದೆ. ನನಗೆ ಎಷ್ಟು ಸಂಕಟವಾಯಿತೆಂದು ಆಗ ನಿನಗೂ ಹೇಳಲಿಲ್ಲ. ಅದೇ ವಾರ ಹಡಗಿನವರ ಕಡೆಯ ಮಾದರಿ ಪುಸ್ತಕದವನು ಬಂದ. ದೊಡ್ಡ ಪುಸ್ತಕ, ಹಾಳೆಗೊಂದು ಬಟ್ಟೆಯ ಚೂರು. ತಮ್ಮ ಊರಿನ ದೊಡ್ಡ ಚಾವಡಿಯಲ್ಲಿ ಇದನ್ನು ಇಡುತ್ತಾರೆ, ಜನ ಬಂದು ನೋಡುತ್ತಾರೆ ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದ. ನೀನು ಉಗ್ರಾಣದ ಕೆಲಸಕ್ಕೆ ಹೋಗಿದ್ದೆ, ಅಪ್ಪನಿಗೆ ನಿದ್ದೆ. ಮೂಲೆಯನ್ನೇ ಕತ್ತರಿಸಿ ಕೊಟ್ಟೆ. ದುಡ್ಡಿಗಲ್ಲ, ಅವನು ಕೊಡಲೂ ಇಲ್ಲ. ನನ್ನ ಮುಖ ಕಾಣದ ಊರಿನಲ್ಲಾದರೂ ನನ್ನ ಕೈಗೊಂದು ಜಾಗ ಇರಲಿ ಎನಿಸಿತು, ಅಷ್ಟೇ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಎರಡು ವರ್ಷಕ್ಕೆ ಹಡಗಿನ ಬಟ್ಟೆ ಬಂತು. ಯಜಮಾನನ ಅಂಗಳದಲ್ಲಿ ಹಾಸಿದಾಗ ನೀನೂ ಇದ್ದೆಯಲ್ಲ. ನಮ್ಮದೇ ಅಂಚು, ನಮ್ಮದೇ ಬಣ್ಣ, ಬೆಲೆ ನಮ್ಮ ನೂಲಿಗಿಂತ ಕಡಿಮೆ. ಸಾಲದ್ದಕ್ಕೆ ಮಾರುದ್ದಕ್ಕೊಂದರಂತೆ, ಥಾನಿನ ಉದ್ದಕ್ಕೂ, ನಮ್ಮ ತಪ್ಪೆಳೆ. ಯಂತ್ರಕ್ಕೆ ಯಾವುದು ಸರಿ ಯಾವುದು ತಪ್ಪು ಏನು ಗೊತ್ತು, ಕಂಡದ್ದನ್ನು ಕಂಡ ಹಾಗೆ ನೇಯ್ದಿತ್ತು. ಬೀದಿಯ ಅನ್ನ ಕಿತ್ತದ್ದು ನಮ್ಮ ಮನೆ ಎಂದು ಎಲ್ಲರಿಗೂ ಕಂಡಿತು, ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ ನಿನ್ನ ಮೇಲೆ ಎಲ್ಲರ ಕಣ್ಣೂ ಬಿತ್ತು. ಕೇಳಿದ್ದಕ್ಕೆಲ್ಲ ನೀನು ಗುಮ್ಮನ ಹಾಗೆ ಕೂತಿದ್ದೆ. ಮನೆಗೆ ಬಂದದ್ದೇ ಅಪ್ಪ ನಿನಗೆ ಬಾಗಿಲು ತೋರಿಸಿದ. ನಾನು ನೂಲು ಸುತ್ತುತ್ತಲೇ ಇದ್ದೆ. ಹೊಸ್ತಿಲು ದಾಟುವಾಗ ನೀನು ತಿರುಗಿ ನೋಡಿದೆ. ನನ್ನ ಮುಖವನ್ನಲ್ಲ, ಕೈಯನ್ನು. ನೀನು ನೋಡಿದ್ದು ಕೈಯಲ್ಲಿದ್ದ ನೂಲಿನ ಉಂಡೆಯನ್ನು ಎಂದು ಹದಿನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ಅಪ್ಪ ಉಗ್ರಾಣದ ಬಟ್ಟೆಯ ಒಂದು ತುಂಡು ತಾ ಎಂದ. ಹಟ ಹಿಡಿದ, ತಂದುಕೊಟ್ಟೆ. ತಪ್ಪೆಳೆ ಹುಡುಕಿ ಹೆಬ್ಬೆರಳಿನಿಂದ ಸವರಿದ. ಆಮೇಲೆ ಊಟ ಆಯ್ತಾ ಎಂದು ಕೇಳುವಷ್ಟೇ ಮೆತ್ತಗೆ ಹೇಳಿದ.

"ನನ್ನ ಎಳೆ ಬಲಕ್ಕೆ ವಾಲುತ್ತೆ. ಇದು ಎಡಕ್ಕೆ ವಾಲಿದೆ. ಅಂಗಳದಲ್ಲಿ ನೋಡಿದ ದಿನಾನೇ ಗೊತ್ತಾಯ್ತು ಕಣೇ ನಂಗೆ."

ನಾನು ಕಾಲು ಹಿಡಿದುಕೊಂಡೆ. ಗೊತ್ತಿದ್ದೂ ಅವನನ್ನು ಯಾಕಪ್ಪ ಕಳಿಸಿದೆ ಎಂದು ಕೇಳಿದೆ. ತುಂಡನ್ನು ಮಡಿಸಿ ನನ್ನ ಕೈಗಿಟ್ಟ.

"ಅವನು ಗಂಡುಹುಡುಗ, ಎಲ್ಲಾದ್ರೂ ಬದುಕ್ಕೋತಾನೆ ಅಂದ್ಕೊಂಡೆ. ನಿನ್ನನ್ನ ಕಳಿಸಿದ್ರೆ ನೀನೆಲ್ಲಿಗೆ ಹೋಗ್ತಿದ್ದೆ?"

ಮತ್ತೆ ಆ ಮಾತು ಎತ್ತಲಿಲ್ಲ. ಒಂದೇ ಮನೆಯಲ್ಲಿ ಮೂವರಿಗೂ ಗೊತ್ತಿತ್ತು, ಮೂವರೂ ಬಾಯಿ ಬಿಡಲಿಲ್ಲ. ನೀನು ಅಪ್ಪನ ಪಕ್ಕದಲ್ಲೇ ಕೂತು ನೇಯ್ಗೆ ಕಲಿತವನು, ಎಳೆ ಎತ್ತ ವಾಲುತ್ತದೆಂದು ನಿನಗೆ ಕಾಣದೆ ಇರುತ್ತದೆಯೇ. ನಿನಗಾದ ಅನ್ಯಾಯವನ್ನು ತಿಂದುಕೊಂಡೇ ನಾನು ಇಷ್ಟು ವರ್ಷ ಈ ಸೂರಿನ ಕೆಳಗೆ ಬದುಕಿದೆ ತಮ್ಮ.

ನಿನ್ನೆ ಯಜಮಾನನ ಬಳಿ ಹೋದೆ. ನಿನ್ನ ಹೆಸರಿಗೆ ಅಂಟಿದ್ದನ್ನು ಅವನೇ ಎಲ್ಲರ ಮುಂದೆ ತೊಳೆಯಲಿ, ನನಗೆ ಏನು ಮಾಡುತ್ತಾರೋ ಮಾಡಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಅವನೀಗ ಉಗ್ರಾಣದ ಗೇಟಿನಲ್ಲಿ ಕಾವಲು. ಅವರು ಕೊಟ್ಟ ಹಳೆಯ ಕೋಟು, ತೋಳು ಉದ್ದ. ಪೂರ್ತಿ ಕೇಳಿದ. ಬೈಯಲಿ ಎಂದು ಕಾದೆ. ಬೀದಿಯೇ ಇಲ್ಲವಲ್ಲ ತಾಯಿ, ಯಾರ ಮುಂದೆ ಹೇಳಲಿ ಎಂದ. ಅಷ್ಟರಲ್ಲಿ ಗಾಡಿ ಬಂತು, ಗೇಟು ತೆರೆಯಲು ಎದ್ದು ಹೋದ. ತಪ್ಪು ಒಪ್ಪಿಕೊಳ್ಳಲೂ ನಾನು ತಡಮಾಡಿದೆ. ಕೇಳಬೇಕಾದವನು ಇನ್ನು ನೀನೊಬ್ಬನೇ ಉಳಿದಿರುವುದು.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ನಮ್ಮ ಮನೆಯ ಗುಂಡಿಯನ್ನು ಮುಚ್ಚಿಸಲು ಅಪ್ಪ ಬಿಡಲಿಲ್ಲ, ಮಗ್ಗ ಹಾಗೇ ಇದೆ. ಮನೆ ನಿನ್ನದು. ನಾನು ಇರಬಾರದೆಂದರೆ ನೀನು ಬರುವ ಮೊದಲೇ ಹೊರಡುತ್ತೇನೆ, ಗಾಡಿಯವನ ಹತ್ತಿರ ಹೇಳಿ ಕಳಿಸು. ಬರದಿದ್ದರೂ ಒಂದು ಸಾಲು ಬರೆ. ಬೈದು ಬರೆದರೂ ಸರಿ, ಸುಮ್ಮನಿರಬೇಡ. ಸುಮ್ಮನಿದ್ದು ನಮಗಾದದ್ದು ಸಾಕು.

ಇಂತಿ,
ನಿನ್ನ ಎಡಚಿ ಅಕ್ಕ

ಮರೆತಿದ್ದೆ: ಅಪ್ಪನಿಗೆ ಏನು ಹೊದಿಸಿದಿರಿ ಎಂದು ನೀನು ಕೇಳೇ ಕೇಳುತ್ತೀಯ. ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಹೋದವರಿಗೆ ಹೊದಿಸುವ ಬಟ್ಟೆಗೆ ಮಾತ್ರ ನಮ್ಮಲ್ಲಿ ಯಾರೂ ತಪ್ಪೆಳೆ ಇಡುತ್ತಿರಲಿಲ್ಲ. ಹೊರಟವರಿಗೆ ಯಾವ ಮನೆಯ ಗುರುತೂ ಬೇಡ ಎಂದು ಬೀದಿಗೆಲ್ಲ ಆ ಬಟ್ಟೆ ನೇಯ್ದುಕೊಟ್ಟವನು ಅಪ್ಪನೇ. ಅವನಿಗೆ ನೇಯಲು ಮನೆಯಲ್ಲಿ ನೂಲಿರಲಿಲ್ಲ. ಉಗ್ರಾಣದ ಥಾನನ್ನೇ ತಂದೆ. ಮಾರುದ್ದಕ್ಕೊಂದರಂತೆ ಎಡಕ್ಕೆ ವಾಲಿದ ಎಳೆ. ಸೂಜಿ ಹಿಡಿದು ಕೂತು ಒಂದೊಂದೇ ಕಿತ್ತು ತೆಗೆಯತೊಡಗಿದೆ. ಎರಡು ಕಿತ್ತಿದ್ದೆ, ಎತ್ತುವವರು ಬಂದುಬಿಟ್ಟರು.