ದೊಡ್ಡಮ್ಮನ ದನಿಗೊಂದು ಪೆಟ್ಟಿಗೆ

ಪ್ರೀತಿಯ ಗುಂಡನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ದೊಡ್ಡಮ್ಮ ಮದುವೆಗೆ ಮುಂಚೆ ಹಾಡಿದ್ದ ರೆಕಾರ್ಡು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಹೆಸರಿನ ಚೀಟಿ ಕಿತ್ತುಹೋಗಿದೆ, ಆದರೂ ರೆಕಾರ್ಡಿನ ಮೇಲೆ ಕೊರೆದ ನಂಬರಿನಿಂದ ಗುರುತು ಹಿಡಿದೆ. ನಮ್ಮ ಟರ್ನ್‌ಟೇಬಲ್ಲಿಗೆ ಹಾಕಿದರೆ ಸೊಳ್ಳೆ ಹಾಡಿದ ಹಾಗೆ ಕೇಳಿಸಿತು. "ಈ ಕೀರಲು ದನಿ ನಂದಲ್ಲ. ಯಾರ್ರೀ ಇವಳು, ಇಷ್ಟು ಹುಡುಕಿ ತಂದಿದ್ದೀರಲ್ಲ?" ಎಂದವಳು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ರೆಕಾರ್ಡಿನ ಮೇಲೆ ಓಡುವ ಮುಳ್ಳು ಎತ್ತುವ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡಲು ಫೋನೋ ಪ್ರೀಆಂಪ್ ಎಂಬ ಪೆಟ್ಟಿಗೆ ಬೇಕಂತೆ. ಆದರೆ ನೀನು ಹೇಳಿದ ಅಂಗಡಿಯವನ ಮೇಲೆ ನನಗೆ ಅನುಮಾನ. ಅಗ್ಗದ್ದನ್ನು ಕೇಳಿದರೆ, "ಅದು ಬೇಡ ಸಾರ್, ಬರೀ ಗುಂಯ್ ಅನ್ನುತ್ತೆ" ಎಂದು, ನನಗೆ ಕೇಳಿಸದೆಯೇ ಒಳಗಿಟ್ಟ. ದುಬಾರಿಯದನ್ನು ಒರೆಸಿ ಒರೆಸಿ ತೋರಿಸಿದ. ಅವನು ನಿನ್ನ ಗೆಳೆಯನೆಂದು ತಿಳಿದ ಮೇಲೆ ನಿನ್ನ ಮೇಲೂ ಒಂದಿಷ್ಟು ಅನುಮಾನ ಬಂತು. ಬೇಜಾರು ಮಾಡಿಕೊಳ್ಳಬೇಡ.

ಭಾನುವಾರ ಎರಡು ಪೆಟ್ಟಿಗೆಯನ್ನೂ ಅವನಿಂದ ಎರವಲು ಪಡೆದು ತಾ. ಯಾವುದು ಅಗ್ಗ, ಯಾವುದು ದುಬಾರಿ ಎಂದು ಬಾಯಿಬಿಡಬೇಡ. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಕೂರಲಿ, ನೀನು ಒಂದಾದ ಮೇಲೊಂದು ಜೋಡಿಸು. ಯಾವುದರಲ್ಲಿ ತನ್ನ ದನಿ ಗುರುತಿಸಿ ನನ್ನ ಕಡೆ ತಿರುಗುತ್ತಾಳೋ ಅದನ್ನೇ ಕೊಳ್ಳುತ್ತೇನೆ.

ಎರಡಕ್ಕೂ ತಿರುಗಿದರೆ ಅಗ್ಗದ್ದು.

ಇಂತಿ, ಅವಳ ಒಂದು ಮಾತಿಗೆ ಕಾದಿರುವ
ನಿನ್ನ ದೊಡ್ಡಪ್ಪ